ಗೋಬರ್ ಗ್ಯಾಸ್ ಸ್ಥಾವರದ ಮೀಥೇನ್ ಸೋರಿಕೆ: ಮಂಡ್ಯ, ಮೈಸೂರು ಭಾಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ, ಟಿ. ನರಸೀಪುರದ ಕಡೆ ಕೊಟ್ಟಿಗೆಯ ಹಿಂದೆ ಸ್ಥಾವರ ಇಟ್ಟುಕೊಂಡ ರೈತರು, ಹೊಸದಾಗಿ ಕಟ್ಟಿಸಲು ಹೊರಟವರು, ಪ್ರಾಜೆಕ್ಟ್‌ ಕೆಲಸಕ್ಕೆಂದು ಮೀಟರ್ ಹಿಡಿದು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಕೆಲವು ಉತ್ತರ ಉದ್ದವಿದೆ, ಕೆಲವಕ್ಕೆ ಒಂದೆರಡು ಸಾಲು ಸಾಕು.

ಒಲೆ ಚೆನ್ನಾಗಿ ಉರಿಯುತ್ತಿದೆ, ವಾಸನೆಯೂ ಇಲ್ಲ. ಸೋರಿಕೆ ಇದೆ ಎಂದು ಏಕೆ ಅನುಮಾನಿಸಬೇಕು?

ಮೀಥೇನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೋಬರ್ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಭಾಗ ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ನಮ್ಮ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡಿನದು. ಹುದುಗಿದ ಸಗಣಿ ನೀರು, ಅಂದರೆ ಬಗ್ಗಡ, ಸ್ಥಾವರದಿಂದ ಹೊರಬಂದು ನಿಲ್ಲುವುದು ಹೊರಗುಂಡಿಯಲ್ಲಿ. ಅಲ್ಲಿಗೆ ಬಂದ ಹಳೆಯ ಬಗ್ಗಡದಲ್ಲಿ ಈ ವಾಸನೆ ಹೆಚ್ಚುಕಡಿಮೆ ಅಳಿದಿರುತ್ತದೆ, ಮೀಥೇನ್ ಮಾತ್ರ ಹುಟ್ಟುತ್ತಲೇ ಇರುತ್ತದೆ. ಜನ ಒಲೆಯ ಬಳಿ, ನಲ್ಲಿಯ ಬಳಿ ಮೂಸಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಅಲ್ಲಿ ಸೋರಿಕೆ ಇರಬಹುದು, ಇಲ್ಲದಿರಬಹುದು. ಯಾರೂ ತಿರುಗಿ ನೋಡದ ಹೊರಗುಂಡಿಯಲ್ಲಂತೂ ಇದ್ದೇ ಇರುತ್ತದೆ. ಈ ಇಡೀ ಪುಟದಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಅದೊಂದೇ ಎಂದರೂ ನನ್ನ ತಕರಾರಿಲ್ಲ.

ಸೋರಿದರೆ ನನ್ನ ಗಂಟೇನು ಹೋಗುತ್ತದೆ?

ಎರಡು ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೊ ಸಗಣಿ ಬೇಕು. ಅಂದರೆ ನಾಲ್ಕೈದು ರಾಸುಗಳಿರುವ ಮನೆ. ಅದರ ಗ್ಯಾಸಿನಲ್ಲಿ ಹತ್ತನೇ ಒಂದು ಪಾಲು ಸೋರಿಹೋದರೆ ವರ್ಷಕ್ಕೆ 73 ಘನ ಮೀಟರ್. ಒಂದು ಘನ ಮೀಟರ್ ಗೋಬರ್ ಗ್ಯಾಸ್ 0.43 ಕಿಲೊ ಅಡುಗೆ ಅನಿಲಕ್ಕೆ ಸಮವೆಂದು ಹಿಡಿದರೆ 31 ಕಿಲೊ ಆಯಿತು. 14.2 ಕಿಲೊ ತೂಕದ ಸಿಲಿಂಡರ್ ಲೆಕ್ಕದಲ್ಲಿ ಎರಡಕ್ಕೂ ಮೀರಿ. ಸಗಣಿ ಹೊತ್ತು, ಕಲಸಿ, ಗುಂಡಿಗೆ ಸುರಿದ ಮನೆಯವರ ಮೈಮುರಿತ ಈ ಲೆಕ್ಕಕ್ಕೆ ಸೇರಿಲ್ಲ.

ಸಗಣಿ ತಿಪ್ಪೆಯಲ್ಲಿ ಕೊಳೆತರೂ ಮೀಥೇನ್ ಬರುತ್ತದಲ್ಲ? ಸ್ಥಾವರ ಸ್ವಲ್ಪ ಸೋರಿದರೇನಂತೆ?

ಬಹಳ ಮಂದಿ, ಓದಿದವರೂ, ಎಡವುವುದು ಇಲ್ಲಿಯೇ. ಗಾಳಿಯಾಡುವ ಒಣ ತಿಪ್ಪೆಯಲ್ಲಿ ಮೀಥೇನ್ ಹುಟ್ಟುವುದು ಕಡಿಮೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ ಬಿಸಿ ಹವೆಯ ಪ್ರದೇಶದಲ್ಲೂ ತಿಪ್ಪೆಗೆ ಹಾಕುವುದು ಸಗಣಿಯ ಒಟ್ಟು ಮೀಥೇನ್ ಸಾಮರ್ಥ್ಯದ ನೂರಕ್ಕೆ 5 ಭಾಗ ಮಾತ್ರ. ಸ್ಥಾವರದಲ್ಲಿ ನಾವು ಗಾಳಿ ತಾಗದಂತೆ ಮುಚ್ಚಿ, ಬೇಕೆಂದೇ ಮೀಥೇನ್ ಹುಟ್ಟಿಸುತ್ತೇವೆ. ಹುಟ್ಟಿಸಿದ್ದನ್ನು ಸುಟ್ಟರೆ ಸರಿ. ಸುಡದೆ ಬಿಟ್ಟರೆ, ತಿಪ್ಪೆಯೇ ವಾಸಿ ಎನ್ನುವ ಹಂತಕ್ಕೂ ಹೋಗಬಹುದು.

ಅಂಕಿಗಳನ್ನೇ ನೋಡೋಣ. ಅದೇ ಎರಡು ಘನ ಮೀಟರ್ ಸ್ಥಾವರದಲ್ಲಿ ಹತ್ತನೇ ಒಂದು ಪಾಲು ಸೋರಿದರೆ ವರ್ಷಕ್ಕೆ ಸುಮಾರು 29 ಕಿಲೊ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೊ ಮೀಥೇನ್ ಸುಮಾರು 28 ಕಿಲೊ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಹಾಗಾಗಿ 29 ಕಿಲೊ ಎಂದರೆ ಸುಮಾರು 800 ಕಿಲೊ. ಇನ್ನೊಂದು ಕಡೆ, ಉಳಿದ ಗ್ಯಾಸಿನಿಂದ ವರ್ಷಕ್ಕೆ ಉಳಿಯುವ ಸಿಲಿಂಡರುಗಳನ್ನು ಉರಿಸಿದ್ದರೆ ಹೊರಬರುತ್ತಿದ್ದ ಇಂಗಾಲದ ಡೈಆಕ್ಸೈಡ್ 850 ಕಿಲೊ ಆಸುಪಾಸು. ಎಡಗೈ ಬಲಗೈ ಲೆಕ್ಕ ಸಮವಾಗಿಬಿಟ್ಟಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷವಾದ್ದರಿಂದ ಇಪ್ಪತ್ತು ವರ್ಷದ ಲೆಕ್ಕ ಹಾಕಿದರೆ ಅದರ ಪೆಟ್ಟು 80 ಪಟ್ಟು. ಆಗ ತಕ್ಕಡಿ ಸೋರಿಕೆಯ ಕಡೆಗೇ ವಾಲುತ್ತದೆ.

ಸೌದೆ ಒಲೆಯ ಹೊಗೆ ತಪ್ಪಿತು, ಒಳ್ಳೆಯ ಗೊಬ್ಬರ ಸಿಕ್ಕಿತು ಎಂಬ ಲಾಭಗಳು ಬೇರೆ; ಅವನ್ನು ನಾನು ಅಲ್ಲಗಳೆಯುವುದಿಲ್ಲ. ದೊಡ್ಡ ಡೇರಿಗಳಲ್ಲಿ ಸಗಣಿಯನ್ನು ನೀರಿನಲ್ಲಿ ತೊಳೆದು ತೆರೆದ ಹೊಂಡಕ್ಕೆ ಬಿಡುವ ಪದ್ಧತಿ ಇದ್ದರೆ ಮಾತು ತಿರುವುಮುರುವಾಗುತ್ತದೆ. ಆ ಹೊಂಡ ತಿಪ್ಪೆಯ ಹಲವು ಪಟ್ಟು ಮೀಥೇನ್ ಬಿಡುತ್ತದೆ, ಅಲ್ಲಿ ಸಾಧಾರಣ ಸ್ಥಾವರವೂ ಉಪಕಾರವೇ.

ಹಸು ತೇಗಿದರೂ ಮೀಥೇನ್ ಬರುತ್ತದೆ. ಅದರ ಮುಂದೆ ಇದೆಷ್ಟರದು?

ಒಂದು ಹಾಲು ಕರೆಯುವ ಹಸು ವರ್ಷಕ್ಕೆ 50ರಿಂದ 70 ಕಿಲೊ ಮೀಥೇನ್ ತೇಗುತ್ತದೆ. ಮೇಲೆ ಹೇಳಿದ ಸೋರಿಕೆ ಅರ್ಧ ಹಸುವಿಗೆ ಸಮ. ಹಸುವಿನ ಬಾಯಿ ಕಟ್ಟಲಾಗದು, ಪೈಪಿನ ಬಾಯಿ ಕಟ್ಟಬಹುದು.

ಎಲ್ಲೆಲ್ಲಿ ಸೋರುತ್ತದೆ?

ಸ್ಥಾವರದ ಮಾದರಿಯ ಮೇಲೆ ಹೋಗುತ್ತದೆ.

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೆವಿಐಸಿ ಮಾದರಿಯಲ್ಲಿ ಗ್ಯಾಸ್ ಹಿಡಿಯುವ ಡ್ರಮ್ಮು ಬಗ್ಗಡದ ಬಾವಿಯಲ್ಲಿ ತೇಲುತ್ತದೆ. ಡ್ರಮ್ಮಿಗೂ ಬಾವಿಯ ಗೋಡೆಗೂ ನಡುವೆ ಸಂದು ಇರುತ್ತದೆ. ಬಾವಿಯ ಅಗಲ 1.35 ಮೀಟರ್, ಡ್ರಮ್ಮಿನದು 1.25 ಮೀಟರ್ ಎಂದಿಟ್ಟುಕೊಳ್ಳಿ. ಸಂದು ನೋಡಲು ಐದು ಸೆಂಟಿಮೀಟರ್ ಅಷ್ಟೇ, ಆದರೆ ಬಗ್ಗಡದ ಒಟ್ಟು ಮೇಲ್ಮೈಯಲ್ಲಿ ಏಳನೇ ಒಂದು ಭಾಗ ಬಯಲಿಗೆ ತೆರೆದುಕೊಂಡಂತಾಯಿತು. ಒಳಗೋಡೆಗೆ ಕಟ್ಟಿದ ಅಂಚು ಕೆಳಗಿನಿಂದ ಬರುವ ಗುಳ್ಳೆಗಳನ್ನು ಡ್ರಮ್ಮಿನೊಳಕ್ಕೆ ತಿರುಗಿಸುತ್ತದೆ ನಿಜ. ಆ ಅಂಚಿನ ಮೇಲಿರುವ ಬಗ್ಗಡದ ಗ್ಯಾಸ್ ಆಕಾಶಕ್ಕೇ. ಮಧ್ಯಾಹ್ನದ ಹೊತ್ತು ಬಗ್ಗಿ ನೋಡಿದರೆ ಸಂದಿನಲ್ಲಿ ಹೆಸರುಕಾಳಿನ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಒಡೆಯುವುದು ಕಣ್ಣಿಗೇ ಕಾಣುತ್ತದೆ. ಸಂದನ್ನು ನೀರಿನಿಂದ ಮುಚ್ಚುವ ಜೋಡಿಗೋಡೆಯ ಮಾದರಿಯಲ್ಲಿ ಈ ನಷ್ಟ ತಪ್ಪುತ್ತದೆ, ಖರ್ಚು ಮಾತ್ರ ಹೆಚ್ಚು. ಇನ್ನು ಡ್ರಮ್ಮು ಕಬ್ಬಿಣದ್ದಾದರೆ ತುಕ್ಕು. ಬಗ್ಗಡದ ಮಟ್ಟದಲ್ಲಿ ಒದ್ದೆ ಆಗಿ ಒಣಗುವ ಪಟ್ಟಿಯಲ್ಲೇ ಮೊದಲು ತೂತು ಬೀಳುವುದು. ವರ್ಷಕ್ಕೊಮ್ಮೆ ಬಣ್ಣ ಬಳಿಯಿರಿ ಎಂದು ಎಲ್ಲರಿಗೂ ಹೇಳಿರುತ್ತಾರೆ. ಬಳಿದವರನ್ನು ಬೆರಳಲ್ಲಿ ಎಣಿಸಬಹುದು.

ಗಾರೆಯ ಗುಮ್ಮಟದೊಳಗೇ ಗ್ಯಾಸ್ ಹಿಡಿಯುವ ದೀನಬಂಧುವಿನಂಥ ಮಾದರಿಯಲ್ಲಿ ತುಕ್ಕಿನ ಕಾಟವಿಲ್ಲ. ಆದರೆ ಡ್ರಮ್ಮಿನಲ್ಲಿ ಒತ್ತಡ ಹತ್ತು ಸೆಂಟಿಮೀಟರ್ ನೀರಿನಷ್ಟಿದ್ದರೆ ಗುಮ್ಮಟದಲ್ಲಿ ಅದು ತೊಂಬತ್ತರ ಹತ್ತಿರ ಹೋಗುತ್ತದೆ. ಕೂದಲೆಳೆ ಬಿರುಕೂ ಸಾಕು. ಗಾರೆ ಕೆಲಸದವರು ಒಳಗಿನ ಪ್ಲಾಸ್ಟರಿನಲ್ಲಿ ಒಂದು ಪದರ ಉಳಿಸಿದ್ದರೆ ಆ ಉಳಿತಾಯವನ್ನು ನೀವು ಇಪ್ಪತ್ತು ವರ್ಷ ಗ್ಯಾಸಿನಲ್ಲಿ ಕಟ್ಟುತ್ತೀರಿ. ಎರಡನೆಯದು, ಗುಮ್ಮಟದಿಂದ ತಳ್ಳಲ್ಪಟ್ಟ ಬಗ್ಗಡ ಹೊರಗುಂಡಿಗೆ ಬಂದು ನಿಲ್ಲುತ್ತದಲ್ಲ, ಅದಿನ್ನೂ ಹುದುಗುತ್ತಿರುತ್ತದೆ. ಯುರೋಪಿನ ಚಳಿಯಲ್ಲಿ ಹೊರಗಿಟ್ಟ ಬಗ್ಗಡ ತಣ್ಣಗಾಗಿ ಹುದುಗುವುದು ನಿಧಾನವಾಗುತ್ತದೆ. ನಮ್ಮ ಸೀಮೆಯಲ್ಲಿ ಆ ಭಾಗ್ಯವಿಲ್ಲ, ವರ್ಷವಿಡೀ ಬೆಚ್ಚಗಿರುತ್ತದೆ.

ಪ್ಲಾಸ್ಟಿಕ್ ಚೀಲದ ಮಾದರಿಗೆ ಬಿಸಿಲು ಮತ್ತು ಇಲಿ ಶತ್ರು. ಹೆಚ್ಚು ಹೇಳಬೇಕಾದ್ದಿಲ್ಲ.

ಖರ್ಚಿಲ್ಲದೆ ಮನೆಯಲ್ಲೇ ಪತ್ತೆ ಹಚ್ಚುವುದು ಹೇಗೆ?

ಮೊದಲು ಸೋಪಿನ ನೀರು. ಬಟ್ಟೆ ಸೋಪಿನ ನೊರೆಯನ್ನು ಹಳೆಯ ಬ್ರಷ್ಷಿನಲ್ಲಿ ವಾಲ್ವ್, ಜೋಡಣೆ, ಮೊಣಕೈ ಪೈಪುಗಳಿಗೆ ಬಳಿದು ನಿಮಿಷ ಕಾಯಿರಿ. ಗುಳ್ಳೆ ಉಬ್ಬಿದರೆ ಅಲ್ಲಿ ಸೋರಿಕೆ.

ಎರಡನೆಯದು ನೀರಿನ ಮಾಪಕ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಬಿಗಿದು, ಅರ್ಧದವರೆಗೆ ಕುಂಕುಮ ಕದಡಿದ ನೀರು ತುಂಬಿ, ಒಂದು ತುದಿಯನ್ನು ಗ್ಯಾಸ್ ಲೈನಿಗೆ ಸೇರಿಸಿ. ಗುಮ್ಮಟದ ಸ್ಥಾವರಕ್ಕಾದರೆ ಕೊಳವೆಯ ಒಂದೊಂದು ಕಾಲೂ ಒಂದು ಮೀಟರಿಗಿಂತ ಉದ್ದವಿರಲಿ, ಇಲ್ಲದಿದ್ದರೆ ಕುಂಕುಮದ ನೀರು ಅಡುಗೆಮನೆಯ ಗೋಡೆಗೆ ಓಕುಳಿ ಆಡುತ್ತದೆ. ಎರಡು ಕಾಲುಗಳ ನೀರಿನ ಎತ್ತರದ ವ್ಯತ್ಯಾಸವೇ ಒತ್ತಡ. ಒಲೆಯ ನಲ್ಲಿ ಮುಚ್ಚಿ, ಮುಖ್ಯ ವಾಲ್ವ್ ತೆರೆದು ಲೈನಿಗೆ ಗ್ಯಾಸ್ ತುಂಬಿ, ವಾಲ್ವ್ ಮುಚ್ಚಿ. ಅರ್ಧ ಗಂಟೆಯಲ್ಲಿ ವ್ಯತ್ಯಾಸ ಇಳಿದರೆ ಲೈನ್ ಸೋರುತ್ತಿದೆ. ಮುಂಜಾನೆ ಅಥವಾ ಸಂಜೆ ಮಾಡಿ. ಬಿಸಿಲಿಗೆ ಪೈಪ್ ಕಾದರೆ ಒಳಗಿನ ಗ್ಯಾಸ್ ಹಿಗ್ಗಿ ಸೋರಿಕೆಯನ್ನು ಮರೆಮಾಚುತ್ತದೆ.

ಗುಮ್ಮಟದ ಪರೀಕ್ಷೆಗೆ ಒಂದು ಸೀಮೆಸುಣ್ಣದ ತುಂಡು ಸಾಕು. ರಾತ್ರಿ ಅಡುಗೆ ಮುಗಿದ ಮೇಲೆ ಮುಖ್ಯ ವಾಲ್ವ್ ಮುಚ್ಚಿ ಹೊರಗುಂಡಿಯ ಗೋಡೆಯಲ್ಲಿ ಬಗ್ಗಡದ ಮಟ್ಟಕ್ಕೆ ಗೆರೆ ಎಳೆಯಿರಿ. ಗ್ಯಾಸ್ ಹುಟ್ಟಿದಷ್ಟೂ ಬಗ್ಗಡ ಮೇಲೇರಬೇಕು. ಬೆಳಗ್ಗೆ ಏರಿದ್ದರೆ ಒಳ್ಳೆಯದು. ಸ್ವಲ್ಪ ಏರಿ, ತುಂಬಿ ಹರಿಯುವ ಬಾಯಿಗಿಂತ ಬಹಳ ಕೆಳಗೇ ನಿಂತುಬಿಟ್ಟು, ಪ್ರತಿ ಸಲವೂ ಅದೇ ಗೆರೆಯ ಬಳಿ ನಿಲ್ಲುತ್ತಿದ್ದರೆ ಗುಮ್ಮಟದಲ್ಲಿ ಬಿರುಕಿದೆಯೆಂದೇ ಅನುಮಾನಿಸಿ. ಆ ಒತ್ತಡದಲ್ಲಿ ಹುಟ್ಟಿದಷ್ಟೇ ಹೊರಗೆ ಹೋಗುತ್ತಿದೆ ಎಂದರ್ಥ. ಏರಿಕೆಯೇ ಇಲ್ಲದಿದ್ದರೆ ಬಿರುಕಿರಬಹುದು, ಸಗಣಿ ಸಾಲದೆಯೂ ಇರಬಹುದು.

ಡ್ರಮ್ಮಿನ ಸ್ಥಾವರದವರು ಡ್ರಮ್ಮಿನ ಮೇಲೆ ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣದ ಪಟ್ಟಿ ಹಾಕಿಕೊಳ್ಳಿ. 1.25 ಮೀಟರ್ ಅಗಲದ ಡ್ರಮ್ಮು ಹತ್ತು ಸೆಂಟಿಮೀಟರ್ ಎದ್ದರೆ ಸುಮಾರು 120 ಲೀಟರ್ ಗ್ಯಾಸ್ ಸೇರಿತು. ಇದಕ್ಕಿಂತ ಅಗ್ಗದ ಗ್ಯಾಸ್ ಮೀಟರ್ ಇಲ್ಲ.

ಬೆಂಕಿಕಡ್ಡಿ ಗೀರಿ ನೋಡಬಹುದೇ?

ಬೇಡ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಭಾಗ ಬೆರೆತರೆ ಸಿಡಿಯುತ್ತದೆ. ಸೋರುವ ಜಾಗದ ಸುತ್ತ ಆ ಪ್ರಮಾಣ ಬರಲು ಹೊತ್ತು ಬೇಕಿಲ್ಲ.

ಹೊರಗುಂಡಿಯಿಂದ ಹೋಗುವುದನ್ನು ಅಳೆಯುವ ಬಗೆ ಯಾವುದು?

ವಿದ್ಯಾರ್ಥಿಗಳು ಕೇಳಬೇಕಾದ, ಆದರೆ ವಿರಳವಾಗಿ ಕೇಳುವ ಪ್ರಶ್ನೆ. ಮುಚ್ಚಿದ ಪಾತ್ರೆಯ ವಿಧಾನ ಇದಕ್ಕೆ ಸರಿ. ಇಪ್ಪತ್ತು ಲೀಟರಿನ ಬಕೆಟ್ ಒಂದನ್ನು ಬಗ್ಗಡದ ಮೇಲೆ ಬೋರಲು ಹಾಕಿ, ಅಂಚು ಒಂದೆರಡು ಬೆರಳು ಮುಳುಗುವಂತೆ ತೇಲಿಸಿ. ತಳದಲ್ಲಿ ಕೊರೆದ ಸಣ್ಣ ತೂತಿನಿಂದ ಎರಡೆರಡು ನಿಮಿಷಕ್ಕೆ ಗಾಳಿಯ ಮಾದರಿ ತೆಗೆದು ಮೀಥೇನ್ ಪ್ರಮಾಣ ನೋಡಿ. ಅದು ಎಷ್ಟು ವೇಗವಾಗಿ ಏರುತ್ತದೆ ಎಂಬುದರಿಂದ ಲೆಕ್ಕ ಹೊರಡುತ್ತದೆ.

ಒಂದು ಉದಾಹರಣೆ ಹಾಕೋಣ, ಅಂಕಿ ಕಲ್ಪಿತ. ಹತ್ತು ನಿಮಿಷದಲ್ಲಿ ಬಕೆಟ್ಟಿನೊಳಗೆ ಮೀಥೇನ್ ಸಾವಿರ ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸಾವಿರ ಭಾಗ) ಏರಿತು ಎನ್ನಿ. ಇಪ್ಪತ್ತು ಲೀಟರಿನಲ್ಲಿ ಸಾವಿರ ಪಿಪಿಎಂ ಎಂದರೆ 20 ಮಿಲಿಲೀಟರ್, ತೂಕದಲ್ಲಿ 13 ಮಿಲಿಗ್ರಾಂ. ಗಂಟೆಗೆ ಸುಮಾರು 80 ಮಿಲಿಗ್ರಾಂ. ಬಕೆಟ್ಟಿನ ಬಾಯಿ 30 ಸೆಂಟಿಮೀಟರ್ ಅಗಲವಿದ್ದರೆ ಅದು ಮುಚ್ಚಿದ ಜಾಗ 0.07 ಚದರ ಮೀಟರ್. ಹಾಗಾಗಿ ಚದರ ಮೀಟರಿಗೆ ಗಂಟೆಗೆ 1.1 ಗ್ರಾಂ. ಎರಡು ಚದರ ಮೀಟರಿನ ಹೊರಗುಂಡಿಯಿಂದ ದಿನಕ್ಕೆ 54 ಗ್ರಾಂ. ಎರಡು ಘನ ಮೀಟರ್ ಗ್ಯಾಸಿನಲ್ಲಿರುವ ಮೀಥೇನ್ ಸುಮಾರು 800 ಗ್ರಾಂ. ನೂರಕ್ಕೆ ಏಳರ ಹತ್ತಿರ ಬಂತು, ಅದೂ ಒಂದೇ ಒಂದು ಪೈಪ್ ಸೋರದೆ.

ಬಕೆಟ್ ಒಂದೇ ಕಡೆ ಇಟ್ಟು ಬಂದ ಅಂಕಿಯನ್ನು ನಂಬಬೇಡಿ. ಬಗ್ಗಡ ಒಂದು ಮೂಲೆಯಲ್ಲಿ ಕುದಿಯುವಂತೆ ಗುಳ್ಳೆ ಬಿಡುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ಕೆನೆಗಟ್ಟಿ ಸುಮ್ಮನಿರುತ್ತದೆ. ನಾಲ್ಕೈದು ಜಾಗ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಗಣಿ ಸುರಿದ ಮೇಲೆ ಒಮ್ಮೆ ಅಳೆಯಬೇಕು. ಸುರಿದ ಕೂಡಲೇ ಹೊರಗುಂಡಿ ಕಲಕುವುದರಿಂದ ಅಂಕಿ ಜಿಗಿಯುತ್ತದೆ.

ಯಾವ ಮೀಟರ್ ಕೊಳ್ಳಬೇಕು?

ಏನು ತಿಳಿಯಬೇಕು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಸುರಕ್ಷತೆಗೆ ಮಾರುವ ಎಲ್‌ಇಎಲ್ ಮೀಟರ್ ಸಿಡಿಯಲು ಬೇಕಾದ ಕನಿಷ್ಠ ಪ್ರಮಾಣದ ಶೇಕಡಾವಾರು ತೋರಿಸುತ್ತದೆ. ಅದರ ಒಂದು ಅಂಕ ಎಂದರೆ 500 ಪಿಪಿಎಂ ಮೀಥೇನ್. ನಮ್ಮ ಸುತ್ತಲಿನ ಗಾಳಿಯಲ್ಲಿ ಇರುವುದೇ ಎರಡು ಪಿಪಿಎಂಗೂ ಕಡಿಮೆ. ಅಡುಗೆಮನೆ ಸುರಕ್ಷಿತವೇ ಎಂದು ಹೇಳಲು ಅದು ಸಾಕು, ಹೊರಸೂಸುವಿಕೆಯ ವರದಿಗೆ ಸಾಲದು.

ಎಂಕ್ಯೂ‌-4 ಎಂಬ ಅಗ್ಗದ ಸಂವೇದಕವನ್ನು ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಬಳಸುತ್ತಾರೆ. ತೇವ ಹೆಚ್ಚಿದರೆ ಅದರ ಅಂಕಿ ಓಲಾಡುತ್ತದೆ, ಬೇರೆ ಉರಿಯುವ ಅನಿಲಗಳನ್ನೂ ಮೀಥೇನೆಂದೇ ಹೇಳುತ್ತದೆ. ಬಗ್ಗಡದ ಗುಂಡಿಯ ಮೇಲೆ ತೇವವಲ್ಲದೆ ಇನ್ನೇನಿರುತ್ತದೆ? ಗೊತ್ತಿರುವ ಪ್ರಮಾಣದ ಅನಿಲದಿಂದ ಹೊಂದಿಸಿಕೊಂಡು, ಬರುವ ಗಾಳಿಯನ್ನು ಒಣಗಿಸಿ ಬಳಸಿದರೆ ಕಲಿಕೆಗೆ ಅಡ್ಡಿಯಿಲ್ಲ.

ಕೈಯಲ್ಲಿ ಹಿಡಿಯುವ ಲೇಸರ್ ಮೀಟರ್ ದೂರದಿಂದಲೇ ಗುಮ್ಮಟ, ಪೈಪಿನತ್ತ ತೋರಿಸಿದರೆ ಕಿರಣದ ದಾರಿಯಲ್ಲಿರುವ ಮೀಥೇನನ್ನು ಹೇಳುತ್ತದೆ. ಸೋರುವ ಜಾಗ ಹುಡುಕಲು ಒಳ್ಳೆಯದು, ಗಂಟೆಗೆ ಎಷ್ಟು ಕಿಲೊ ಎಂದು ನೇರವಾಗಿ ಹೇಳದು. ಅನಿಲವನ್ನು ಹೊಗೆಯಂತೆ ತೆರೆಯ ಮೇಲೆ ತೋರಿಸುವ ಅತಿಗೆಂಪು ಕ್ಯಾಮೆರಾ ಹತ್ತಾರು ಲಕ್ಷ ರೂಪಾಯಿಯ ವಸ್ತು, ಮನೆಮಟ್ಟದ ಸ್ಥಾವರಕ್ಕೆ ಅದರ ಮಾತೇ ಬೇಡ.

ನಮ್ಮ ಸ್ಥಾವರ ಭತ್ತದ ಗದ್ದೆಯ ಪಕ್ಕದಲ್ಲಿದೆ. ಅಳತೆ ಕೆಡುತ್ತದೆಯೇ?

ಖಂಡಿತ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಾಟಿಯ ಮೇಲೆ ನೀರು ನಿಂತ ಗದ್ದೆ ತಾನೇ ಮೀಥೇನ್ ಬಿಡುತ್ತದೆ, ಕೊಟ್ಟಿಗೆಯ ರಾಸುಗಳು ಬೇರೆ. ತೆರೆದ ಗಾಳಿಯಲ್ಲಿ ಅಳೆಯುವುದಾದರೆ ಗಾಳಿ ಬರುವ ಕಡೆ ಒಮ್ಮೆ, ಹೋಗುವ ಕಡೆ ಒಮ್ಮೆ ಅಳೆದು ಕಳೆಯಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಆಗ ಕೆಲಸ ಸಲೀಸು. ಬೇಸಿಗೆಯಲ್ಲಿ ಗಾಳಿ ಗಳಿಗೆಗೊಂದು ದಿಕ್ಕು. ಬಕೆಟ್ ವಿಧಾನಕ್ಕೆ ಈ ತಂಟೆ ಇಲ್ಲ.

ಉಪಗ್ರಹದಿಂದ ಕಾಣುತ್ತದಂತೆ, ಹೌದೇ?

ನಿಮ್ಮ ಸ್ಥಾವರ ಕಾಣುವುದಿಲ್ಲ. ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದ ಒಂದು ಚುಕ್ಕೆಯೊಳಗೆ ಕಿಲೋಮೀಟರುಗಟ್ಟಲೆ ನೆಲ ಸೇರುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡುವ ಉಪಗ್ರಹಗಳಿಗೂ ಒಂದೇ ಜಾಗದಿಂದ ಗಂಟೆಗೆ ನೂರು ಕಿಲೊ ಆಸುಪಾಸು ಹೊರಬಂದರೆ ಮಾತ್ರ ಖಚಿತವಾಗಿ ಗೋಚರ. ನಿಮ್ಮ ಸ್ಥಾವರದ ಇಡೀ ದಿನದ ಉತ್ಪತ್ತಿ ಒಂದು ಕಿಲೊಗೂ ಕಡಿಮೆ.

ಕಬ್ಬಿನ ಕಾರ್ಖಾನೆಯಲ್ಲಿ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ ಪ್ರೆಸ್‌ಮಡ್‌, ದೊಡ್ಡ ಡೇರಿಯ ಸಗಣಿ ಬಳಸುವ ಸ್ಥಾವರಗಳಲ್ಲಿ ಏನು ನೋಡಬೇಕು?

ಸಂಪೀಡಿತ ಜೈವಿಕ ಅನಿಲಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಸತತ್ ಯೋಜನೆ ತಂದ ಮೇಲೆ ಕಬ್ಬಿನ ಸೀಮೆಗಳಲ್ಲಿ ಇದರ ಮಾತು ಹೆಚ್ಚಾಗಿದೆ. ದೊಡ್ಡ ಸ್ಥಾವರದಲ್ಲಿ ಸೋರುವ ಜಾಗಗಳೇ ಬೇರೆ: ಒತ್ತಡ ಮೀರಿದಾಗ ತೆರೆಯುವ ಸುರಕ್ಷಾ ವಾಲ್ವ್, ಚಾವಣಿಯ ಹಾಳೆ ಗೋಡೆಗೆ ಸೇರುವ ಅಂಚು, ಪೂರ್ತಿ ಉರಿಸದೆ ಹೊಗೆಕೊಳವೆಯಿಂದ ಮೀಥೇನ್ ಬಿಡುವ ಎಂಜಿನ್, ಮೀಥೇನನ್ನು ಶುದ್ಧೀಕರಿಸುವಾಗ ಇಂಗಾಲದ ಡೈಆಕ್ಸೈಡಿನ ಜೊತೆ ಜಾರಿಹೋಗುವ ಪಾಲು. ಅವೆಲ್ಲಕ್ಕಿಂತ ಮೊದಲು ಮತ್ತೆ ಅದೇ, ತೆರೆದಿಟ್ಟ ಬಗ್ಗಡದ ಕೊಳ. ಪ್ರೆಸ್‌ಮಡ್‌ ಅನ್ನು ತಿಂಗಳುಗಟ್ಟಲೆ ಬಯಲಲ್ಲಿ ರಾಶಿ ಹಾಕಿದರೆ ಅದರ ಗ್ಯಾಸ್ ಸ್ಥಾವರಕ್ಕೆ ಬರುವ ಮೊದಲೇ ಕರಗಿಹೋಗುತ್ತದೆ.

ಡೆನ್ಮಾರ್ಕಿನಲ್ಲಿ 23 ಸ್ಥಾವರಗಳನ್ನು ಅಳೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಗೊತ್ತಿರುವ ಪ್ರಮಾಣದ ಅಸಿಟಲೀನ್ ಅನಿಲವನ್ನು ಸ್ಥಾವರದ ಬಳಿ ಬಿಟ್ಟು, ಗಾಳಿ ಹೋಗುವ ದಿಕ್ಕಿನಲ್ಲಿ ವಾಹನದಲ್ಲಿ ಸಾಗುತ್ತ ಎರಡೂ ಅನಿಲಗಳನ್ನು ಹೋಲಿಸುವ ವಿಧಾನ ಅದು. ನಷ್ಟ ಉತ್ಪಾದನೆಯ ನೂರಕ್ಕೆ 0.4ರಿಂದ 14.9ರವರೆಗೆ ಇತ್ತು. ಇಷ್ಟು ಅಂತರ ಇರುವಾಗ ಸರಾಸರಿಯನ್ನು ಹಿಡಿದು ನಮ್ಮ ಸ್ಥಾವರವೂ ಹೀಗೇ ಎಂದು ಬರೆದುಕೊಡುವುದು ಕಣ್ಣುಕಟ್ಟು, ಒಂದೊಂದನ್ನೂ ಅಳೆಯಲೇಬೇಕು. ಜರ್ಮನಿಯಲ್ಲಿ ಬಗ್ಗಡವನ್ನು ಅನಿಲಬಿಗಿಯಾದ ತೊಟ್ಟಿಗಳಲ್ಲಿ ಒಟ್ಟು 150 ದಿನ ಇರಿಸುವ ನಿಯಮ ಬಂದದ್ದು ಇದೇ ಕಾರಣಕ್ಕೆ.

ಅಳೆಯಲೇಬೇಕು ಎಂಬ ಕಾನೂನು ಇದೆಯೇ?

ಮನೆಮಟ್ಟದ ಸ್ಥಾವರಕ್ಕೆ ಇಲ್ಲ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಹೊರಟ ಜಾಗತಿಕ ಮೀಥೇನ್ ಪ್ರತಿಜ್ಞೆಗೂ ಭಾರತ ಸೇರಿಲ್ಲ.

ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ ಎಂದು ಬರುತ್ತಾರೆ. ಸೋರಿಕೆಗೂ ಅದಕ್ಕೂ ಏನು ಸಂಬಂಧ?

ನೇರ ಸಂಬಂಧ. ಗಾಳಿಗೆ ಸೇರದಂತೆ ತಡೆದ ಅನಿಲದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರವೇ ಕಾರ್ಬನ್ ಕ್ರೆಡಿಟ್; ಸೋರಿದಷ್ಟೂ ಅದು ಕಡಿಮೆ. ಕರ್ನಾಟಕಕ್ಕೆ ಇದು ಹೊಸದಲ್ಲ. ಬಾಗೇಪಲ್ಲಿ ಸುತ್ತಿನ ಹಳ್ಳಿಗಳ ಮನೆಮಟ್ಟದ ಸ್ಥಾವರಗಳ ಯೋಜನೆ 2005ರಲ್ಲೇ ವಿಶ್ವಸಂಸ್ಥೆಯ ವ್ಯವಸ್ಥೆಯಡಿ ನೋಂದಣಿಯಾಗಿತ್ತು. ಗೊಬ್ಬರದ ಮೀಥೇನ್ ಹಿಡಿಯುವ ಯೋಜನೆಗಳ ಲೆಕ್ಕದಲ್ಲಿ, ಅಳತೆ ಇಲ್ಲದಿದ್ದರೆ ನೂರಕ್ಕೆ ಹತ್ತು ಭಾಗ ಸೋರಿತೆಂದು ಹಿಡಿದು ಕಳೆಯುವ ರೂಢಿ ಇದೆ. ಆದ್ದರಿಂದ ಬಂದವರನ್ನು ಎರಡೇ ಮಾತು ಕೇಳಿ: ಸೋರಿಕೆ ಎಷ್ಟೆಂದು ಹಿಡಿದಿದ್ದೀರಿ, ಹೊರಗುಂಡಿಯನ್ನು ಅಳೆದಿದ್ದೀರಾ? ಉತ್ತರಕ್ಕೆ ತಡಕಾಡಿದರೆ ಕಾಗದಕ್ಕೆ ಸಹಿ ಹಾಕುವುದನ್ನು ಮುಂದಕ್ಕೆ ಹಾಕಿ.

ಜಾತ್ರೆಗೋ ಮದುವೆಗೋ ವಾರ ಊರು ಬಿಡುತ್ತೇವೆ. ಗ್ಯಾಸ್ ಏನಾಗುತ್ತದೆ?

ತುಂಬಿ ಹರಿಯುತ್ತದೆ. ಡ್ರಮ್ಮು ಮೇಲೆ ತಗುಲಿ ಅಂಚಿನಿಂದ ಬುಳುಬುಳು ಎನ್ನುತ್ತದೆ, ಗುಮ್ಮಟದಿಂದ ಹೊರಗುಂಡಿಯ ದಾರಿಯಲ್ಲಿ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ವರ್ಷದ ಸೋರಿಕೆಯ ದೊಡ್ಡ ಪಾಲು ಹೀಗೆ, ಒಂದು ಬಿರುಕೂ ಇಲ್ಲದೆ. ಹೊರಡುವ ನಾಲ್ಕೈದು ದಿನ ಮೊದಲೇ ಸಗಣಿ ಕಡಿಮೆ ಮಾಡಿ, ಇರುವ ಗ್ಯಾಸನ್ನು ಮುಗಿಸಿ. ಪಕ್ಕದ ಮನೆಯವರಿಗೆ ಒಂದು ಪೈಪ್ ಎಳೆದುಕೊಟ್ಟರೆ ಇನ್ನೂ ಒಳ್ಳೆಯದು. ಹಿಂಡಿ ಬೇಯಿಸಲು, ಎಮ್ಮೆಗೆ ಬಿಸಿನೀರು ಕಾಯಿಸಲು ಉರಿಸಿದರೂ ಸರಿಯೇ. ಉರಿದ ಮೀಥೇನ್ ಬಯಲಿಗೆ ಬಿಟ್ಟ ಮೀಥೇನಿಗಿಂತ ಯಾವಾಗಲೂ ಮೇಲು.

ಹೊರಗುಂಡಿ ಮುಚ್ಚಿದರೆ ಗೊಬ್ಬರ ಕೆಡುವುದಿಲ್ಲವೇ?

ಕೆಡುವುದಿಲ್ಲ, ಸಾರಜನಕ ಆವಿಯಾಗುವುದು ಕಡಿಮೆಯಾಗಿ ಇನ್ನಷ್ಟು ಕಸುವು ಉಳಿಯುತ್ತದೆ. ಆದರೆ ಚಪ್ಪಡಿ ಮುಚ್ಚಿದ ಮಾತ್ರಕ್ಕೆ ಮೀಥೇನ್ ನಿಲ್ಲದು, ಸಂದಿನಿಂದ ಹೊರಡುತ್ತದೆ. ಚಪ್ಪಡಿ ಇರುವುದು ಮಕ್ಕಳು, ಕರುಗಳು ಬೀಳದಿರಲಿ ಎಂದು. ಮೀಥೇನ್ ಕಡಿಮೆ ಮಾಡಲು ದಾರಿ ಎರಡು. ಒಳಗೆ ಹೆಚ್ಚು ದಿನ ಹುದುಗಿಸುವುದು: ನಲವತ್ತು ದಿನಕ್ಕೆ ಕಟ್ಟಿದ ಸ್ಥಾವರಕ್ಕೆ ದುಪ್ಪಟ್ಟು ಸಗಣಿ ಸುರಿದರೆ ಇಪ್ಪತ್ತೇ ದಿನಕ್ಕೆ ಹಸಿ ಬಗ್ಗಡ ಹೊರಬಂದು ಹೊರಗೇ ಹುದುಗುತ್ತದೆ. ಇಲ್ಲವೇ, ಹೊರಬಂದ ಬಗ್ಗಡವನ್ನು ನಿಲ್ಲಲು ಬಿಡದೆ ಕಬ್ಬಿನ ತರಗು, ತೆಂಗಿನ ಗರಿ, ಒಣಹುಲ್ಲಿನ ಮೇಲೆ ಹರಡಿ ಗಾಳಿಯಾಡುವ ಕಾಂಪೋಸ್ಟ್ ಮಾಡುವುದು. ಗಾಳಿ ತಾಗಿದ ಕಡೆ ಮೀಥೇನ್ ಹುಟ್ಟಿಸುವ ಸೂಕ್ಷ್ಮಾಣುಗಳು ಬದುಕುವುದಿಲ್ಲ.

ಗುಮ್ಮಟದಲ್ಲಿ ಬಿರುಕಿರುವುದು ಖಚಿತವಾಯಿತು. ನಾವೇ ಇಳಿದು ಸಿಮೆಂಟ್ ಮೆತ್ತಬಹುದೇ?

ಇಳಿಯಬೇಡಿ. ಖಾಲಿ ಮಾಡಿದ ಗುಂಡಿಯಲ್ಲೂ ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ಕೂತಿರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗೇ ಸತ್ತು ವಾಸನೆ ತಿಳಿಯದಂತಾಗುತ್ತದೆ. ಒಬ್ಬರು ಬಿದ್ದರೆಂದು ಎತ್ತಲು ಇಳಿದವರೂ ಸಾಯುವುದು ಹೀಗೆಯೇ. ಬಗ್ಗಡ ಪೂರ್ತಿ ತೆಗೆಸಿ, ಬಾಯಿಗಳನ್ನೆಲ್ಲ ತೆರೆದು, ಬ್ಲೋವರಿನಿಂದ ಹೊಸ ಗಾಳಿ ಊದಿಸಿ, ಅನಿಲ ಮೀಟರಿನಿಂದ ಪರೀಕ್ಷಿಸಿದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡು ಕೆಲಸ ಮಾಡುವ, ಸ್ಥಾವರ ಕಟ್ಟಿ ಅನುಭವವಿರುವ ಗಾರೆಯವರನ್ನೇ ಕರೆಯಿರಿ. ಬಿರುಕನ್ನು ಅಗಲಿಸಿ ಕೆತ್ತಿ ತುಂಬಿ, ಒಳಮೈಗೆ ಪದರ ಪದರವಾಗಿ ಪ್ಲಾಸ್ಟರ್ ಹಾಕಿ, ವಾರವಿಡೀ ನೀರುಣಿಸಿದ ಮೇಲೆ ನೀರು ತುಂಬಿ ಒತ್ತಡದ ಪರೀಕ್ಷೆ ಮಾಡಿಸಿ. ಯು ಕೊಳವೆಯ ನೀರು ಒಂದು ಹಗಲು ಒಂದು ರಾತ್ರಿ ಹೆಚ್ಚುಕಡಿಮೆ ಅಲ್ಲೇ ನಿಂತರೆ ಗಾರೆಯವರ ಬಾಕಿ ಹಣ ಕೊಟ್ಟು ಸಗಣಿ ಸುರಿಯಲು ಶುರು ಮಾಡಿ. ಕೊಳವೆಯ ನೀರು ಇಳಿದರೆ ಎರಡನ್ನೂ ತಡೆಹಿಡಿಯಿರಿ.